ಹಡಗು ಬಂದರಿನಲ್ಲಿ ನಿಂತ ದಿನ ಏನು ಮಾಡಬೇಕು?

ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾದವರಿಗೆ ಕೊನೆಯ ಟ್ರಿಪ್ ತಪ್ಪುವ ಭಯ ಗೊತ್ತು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಸಿಗಂದೂರು ದಾರಿಯಲ್ಲಿ ಆ ಭಯ ಹೋಯಿತು. ಕ್ರೂಸ್ ಹಡಗಿನಲ್ಲಿ ಈಗಲೂ ಇದೆ. ನಮ್ಮ ಸಾಗರ, ಶಿವಮೊಗ್ಗದ ಕಡೆಯಿಂದಲೂ ಹೊರಡುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಡಿಯಾರ. ಹಡಗು ನಡೆಯುವುದು ಹಡಗಿನ ಸಮಯಕ್ಕೆ. ಮೊಬೈಲ್ ದಡದ ಸಿಗ್ನಲ್ ಸಿಕ್ಕ ಕೂಡಲೇ ಆ ಊರಿನ ಸಮಯ ತೋರಿಸುತ್ತದೆ. ಎರಡೂ ಒಂದೇ ಇರಬೇಕೆಂದಿಲ್ಲ. ಕೈಗೊಂದು ಸಾದಾ ವಾಚ್ ಕಟ್ಟಿ, ಹಡಗಿನ ಸಮಯ ಇಟ್ಟು, ಮತ್ತೆ ಮುಟ್ಟಬೇಡಿ. ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ವಾಪಸ್ ಹಡಗು ಹತ್ತಿ ಆಗಿರಬೇಕು. ಸ್ವಂತವಾಗಿ ತಿರುಗಲು ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಇಳಿಯುವಾಗ ಹಡಗಿನ ಕಾರ್ಡ್ ಬೇಕೇ ಬೇಕು. ಪಾಸ್‌ಪೋರ್ಟ್ ಬೇಕೋ, ನಕಲು ಸಾಕೋ ಅನ್ನುವುದು ದೇಶಕ್ಕೊಂದು ಥರ. ಹಿಂದಿನ ರಾತ್ರಿ ಕೋಣೆಗೆ ಬರುವ ಹಾಳೆ ಓದಿ. ಅದರಲ್ಲಿರುವ ಬಂದರು ಏಜೆಂಟರ ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಕೋಣೆಯಲ್ಲೇ ಇರಲಿ. ಆಸ್ಟ್ರೇಲಿಯಾದಂಥ ಕಡೆ ಹೇಳದೆ ಒಂದು ಹಣ್ಣು ತಂದರೂ ದಂಡ ಬೀಳಬಹುದು.

ಇನ್ನು ತಿರುಗಾಟ. ಬೆಳಿಗ್ಗೆ ಜೋಗ, ಮಧ್ಯಾಹ್ನ ಇಕ್ಕೇರಿ, ಸಂಜೆ ಸಿಗಂದೂರು ಅಂತ ಓಡುವ ನೆಂಟರನ್ನು ನೋಡಿದ್ದೀರಲ್ವಾ? ಹಾಗೆ ಮಾಡಬೇಡಿ. ನಡೆದು ಹೋಗುವಷ್ಟು ದೂರದ ಒಂದೇ ಜಾಗ ಸಾಕು.

ಮಲೇಷ್ಯಾದ ಪೆನಾಂಗ್ ಇದಕ್ಕೆ ಹೇಳಿ ಮಾಡಿಸಿದ ಬಂದರು. ಹಡಗು ಜಾರ್ಜ್‌ಟೌನ್ ಪೇಟೆಯ ಪಕ್ಕದಲ್ಲೇ ನಿಲ್ಲುತ್ತದೆ. ಲಿಟಲ್ ಇಂಡಿಯಾಕ್ಕೆ ಆರಾಮಾಗಿ ನಡೆಯಬಹುದು. 1833ರ ಮಾರಿಯಮ್ಮನ ಗುಡಿ ಇದೆ, ಬಾಳೆ ಎಲೆ ಊಟ ಸಿಗುತ್ತದೆ. ಊಟ ಆದ ಮೇಲೆ ಹಳೇ ಕಾಫಿ ಅಂಗಡಿಯೊಂದರಲ್ಲಿ ಸುಮ್ನೆ ಕೂರಿ. ಅಲ್ಲಿನ 'ಕೋಪಿ'ಯ ಬೀಜವನ್ನು ಸಕ್ಕರೆ, ಕೊಬ್ಬು ಹಾಕಿ ಹುರಿಯುತ್ತಾರೆ. ಬಟ್ಟೆ ಚೀಲದಲ್ಲಿ ಸೋಸಿ, ಲೋಟದ ತಳದಲ್ಲಿ ಮಂದ ಸಿಹಿ ಹಾಲು ಬಿಟ್ಟು ಮೇಲೆ ಕಪ್ಪಗೆ ಸುರಿಯುತ್ತಾರೆ. ಕಲಕದೆ ಕುಡಿದರೆ ಕಹಿ, ತಳದಲ್ಲಿ ಪಾಯಸ! ಫಿಲ್ಟರ್ ಕಾಫಿಗೆ ಹೋಲಿಸಲು ಹೋಗಬೇಡಿ, ಅದು ಬೇರೆಯೇ ಪದಾರ್ಥ. ಕೂತಲ್ಲೇ ನೆಲ ತೂಗಿದಂತಾದರೆ ಗಾಬರಿ ಬೇಡ. ಸಮುದ್ರದಲ್ಲಿ ದಿನಗಟ್ಟಲೆ ಇದ್ದ ಮೈಗೆ ಹಾಗಾಗುತ್ತದೆ.

ವೈಫೈ ಬೇಕಾದರೆ ಹಡಗಿನ ಸಿಬ್ಬಂದಿ ಎಲ್ಲಿ ಗುಂಪಾಗಿ ಕೂತಿದ್ದಾರೆ ನೋಡಿ.

ಇಳಿಯಲು ಮನಸ್ಸೇ ಇಲ್ಲದಿದ್ದರೂ ನಷ್ಟವಿಲ್ಲ. ಬಂದರಿನಲ್ಲಿದ್ದಾಗ ಹಡಗಿನ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಆದರೆ ಈಜುಕೊಳದಲ್ಲಿ ಜನ ಕಡಿಮೆ. ಬಟ್ಟೆ ಒಗೆಯುವ ಮಷಿನ್ ಇರುವ ಹಡಗಾದರೆ ಅದರ ಮುಂದೆ ಕ್ಯೂ ಇಲ್ಲದ ದಿನವೂ ಇದೊಂದೇ.