ಜೇಡನುಸಿಗೆ ಯಾವ ಎಲೆ ಒಗ್ಗುತ್ತದೆ? ಎಲೆಬಿಲ್ಲೆ ಇಟ್ಟು ನೋಡುವ ಕ್ರಮ

ಕಾಸರಗೋಡು ಕಡೆ ಕೊಯ್ಲಾದ ಗದ್ದೆಯಲ್ಲಿ ಅಲಸಂಡೆ, ಬೆಂಡೆ, ಬದನೆ, ಹರಿವೆ ಅಕ್ಕಪಕ್ಕದ ಸಾಲುಗಳಲ್ಲೇ ಇರುತ್ತವೆ. ಮಾರ್ಚಿನ ಬಿಸಿಲಿಗೆ ಜೇಡನುಸಿ (ಎಲೆಯಡಿ ಬಲೆ ಹೆಣೆದು ರಸ ಹೀರುವ ತೀರಾ ಸಣ್ಣ ಜೀವಿ) ಎಲ್ಲದಕ್ಕೂ ಹತ್ತುತ್ತದೆ, ಆದರೆ ಒಂದೇ ವೇಗದಲ್ಲಲ್ಲ. ಆ ವೇಗ ಅಳೆಯಲು ಒಳ್ಳೆಯ ಭೂತಗನ್ನಡಿ, ಒಂದೆರಡು ಕೂದಲಷ್ಟೇ ಉಳಿಸಿದ ಸಣ್ಣ ಕುಂಚ, ಹತ್ತಿ ಮತ್ತು ಅಗಲ ತಟ್ಟೆ ಸಾಕು.

ನುಸಿ ಯಾವ ಜಾತಿಯದೆಂದು ಬಣ್ಣ ನೋಡಿ ಹೇಳಬೇಡಿ. ಜೇಡನುಸಿಗಳಲ್ಲಿ ಟೆಟ್ರಾನೈಕಸ್ ಕುಲದ ಕೆಂಪು ನುಸಿಗಳೇ ಹಲವಿವೆ. ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತಜ್ಞರು ಜಾತಿ ಹೇಳುವುದು. ಅಡಕೆ ಸಸಿಯ ಕೆಂಪು ನುಸಿ ರಾವೊಯೆಲ್ಲಾ ಇಂಡಿಕಾ ಬೇರೆಯೇ ಕುಟುಂಬದ್ದು, ಬಲೆ ಹೆಣೆಯುವುದಿಲ್ಲ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಎಲೆ ಗಿಡದ ಕುಡಿಯಿಂದ ಮೂರನೆಯದೋ ನಾಲ್ಕನೆಯದೋ ಆಗಿರಲಿ, ಎಲ್ಲ ಗಿಡಗಳಿಂದಲೂ ಅದೇ ಪ್ರಾಯದ್ದು. ಮದ್ದು ಹೊಡೆದ ಗಿಡ ಬೇಡ. ಗೊಬ್ಬರವೂ ಒಂದೇ ತರಹ ಇರಬೇಕು: ಯೂರಿಯಾ ಹೆಚ್ಚು ಉಂಡ ಗಿಡದ ಎಲೆಯಲ್ಲಿ ಸಾರಜನಕ ಹೆಚ್ಚಿ ಮೊಟ್ಟೆಯೂ ಹೆಚ್ಚುತ್ತದೆ, ಆಗ ನೀವು ಅಳೆದದ್ದು ಗಿಡವನ್ನಲ್ಲ, ಯೂರಿಯಾವನ್ನು. 3 ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ, ಒದ್ದೆ ಹತ್ತಿಯ ಮೇಲೆ ಅಡಿಭಾಗ ಮೇಲೆ ಬರುವಂತೆ ಇಡಿ. ಇಡುವ ಮೊದಲು ಭೂತಗನ್ನಡಿಯಲ್ಲಿ ನೋಡಿ, ನುಸಿ ತಿನ್ನುವ ಪರಭಕ್ಷಕ ನುಸಿಯ ಒಂದು ಮೊಟ್ಟೆ ಉಳಿದರೂ ಲೆಕ್ಕ ಕೆಟ್ಟಿತು. ಹತ್ತಿಯ ನೀರು ಹೆಚ್ಚಾದರೆ ಬಿಲ್ಲೆಯ ಅಂಚಿಗೇರಿ ಮರಿಗಳು ಮುಳುಗುತ್ತವೆ. ಒಣಗಿದರೆ ನಡೆದೇ ಹೋಗುತ್ತವೆ. ಹತ್ತಿಯಲ್ಲಿ ಸತ್ತು ಸಿಕ್ಕಿದ್ದನ್ನು ಎಲೆ ಒಗ್ಗದೆ ಸತ್ತದ್ದರ ಜೊತೆ ಸೇರಿಸದೆ ಬೇರೆ ಬರೆದುಕೊಳ್ಳಿ.

ಹೆಚ್ಚಿನವರು ಎಡವುವುದು ತಾಯಿಯ ವಿಷಯದಲ್ಲಿ. ಅಲಸಂಡೆಯಲ್ಲಿ ಬೆಳೆದ ಹೆಣ್ಣನ್ನು ನೇರ ಟೊಮೆಟೊ ಎಲೆಗೆ ಬಿಟ್ಟರೆ ಮೊದಲ ತಲೆಮಾರಿನ ಫಲಿತಾಂಶ ತೀರಾ ಕಳಪೆ ಬರಬಹುದು. ತಲೆಮಾರುಗಳು ದಾಟಿದಂತೆ ಸುಧಾರಿಸುತ್ತದೆ. ಹಾಗಾಗಿ ಪರೀಕ್ಷಿಸುವ ಗಿಡದ ಮೇಲೇ ಕನಿಷ್ಠ ಎರಡು ತಲೆಮಾರು ಸಾಕಿ, ನಂತರ ಎಣಿಕೆ ಶುರುಮಾಡುವುದು ನನ್ನ ಕ್ರಮ.

ಒಂದು ಬಿಲ್ಲೆಗೆ ಒಂದು ಹೆಣ್ಣು, 24 ಗಂಟೆ. ಆಮೇಲೆ ಹೆಣ್ಣನ್ನು ತೆಗೆದು, ಒಂದೇ ಮೊಟ್ಟೆ ಉಳಿಸಿ ಬೆಳಿಗ್ಗೆ, ಸಂಜೆ ನೋಡುತ್ತೇನೆ. ಮರಿಗೆ ಆರು ಕಾಲು, ಆಮೇಲಿನ ಎರಡು ಹಂತಗಳಿಗೆ ಎಂಟು. ಪ್ರತಿ ಹಂತದ ಕೊನೆಗೆ ಕಾಲು ಚಾಚಿ ಅಲುಗಾಡದೆ ಕೂರುತ್ತದೆ. ಆಗ ಕುಂಚ ಮುಟ್ಟಿಸಿದರೆ ಸತ್ತಿತು. ಬಿಲ್ಲೆ ಹಳದಿಯಾಗುವ ಮೊದಲೇ ಬದಲಿಸಬೇಕು, ಆದರೆ ನುಸಿ ಓಡಾಡುವ ಹೊತ್ತು ನೋಡಿ. ಪೊರೆ ಕಳಚುವುದು ಮೂರು ಸಲ; ಬಿಳಿ ಪೊರೆ ಎಣಿಸಿದರೆ ಹಂತ ತಪ್ಪುವುದಿಲ್ಲ. ಒಗ್ಗುವ ಎಲೆಯಲ್ಲಿ, 25ರಿಂದ 30 ಡಿಗ್ರಿ ಸೆಖೆಯಲ್ಲಿ ಮೊಟ್ಟೆಯಿಂದ ಪ್ರೌಢವಾಗಲು ಎರಡು ವಾರವೂ ಬೇಡ. ಟೊಮೆಟೊದ ಅಂಟುರೋಮಕ್ಕೆ ಸಿಕ್ಕಿದ ಮರಿ ಅಲ್ಲೇ ಒಣಗುತ್ತದೆ. ಬದನೆಯ ನಕ್ಷತ್ರಾಕಾರದ ರೋಮದಲ್ಲಿ ಅಂಟಿಲ್ಲ, ಅದರ ಅಡಿಯಲ್ಲೇ ಮೊಟ್ಟೆ ಅಡಗಿರುತ್ತದೆ, ಎಣಿಸುವಾಗ ಓರೆ ಬೆಳಕು ಬೇಕು.

ಪ್ರೌಢ ಹೆಣ್ಣಿಗೆ ಕೂಡಲೇ ಗಂಡನ್ನು ಜೊತೆ ಬಿಡಿ. ಗಂಡು ಸೇರದಿದ್ದರೂ ಮೊಟ್ಟೆ ಇಡುತ್ತದೆ, ಹುಟ್ಟುವುದೆಲ್ಲ ಗಂಡೇ. ಮೊಟ್ಟೆ ಚೆನ್ನಾಗಿ ಸಿಕ್ಕಿತೆಂದು ಬರೆದುಕೊಂಡವರಿಗೆ ಮುಂದಿನ ತಲೆಮಾರಿನಲ್ಲಿ ಹೆಣ್ಣೇ ಇರುವುದಿಲ್ಲ.

ಒಟ್ಟು ಮೊಟ್ಟೆಯನ್ನಷ್ಟೇ ಹೋಲಿಸಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಉದಾಹರಣೆಗೆ, ಒಂದು ಗಿಡದಲ್ಲಿ ಒಂದು ಹೆಣ್ಣಿಗೆ 60 ಹೆಣ್ಣುಮರಿ, ತಲೆಮಾರಿಗೆ 22 ದಿನ ಎಂದಿಟ್ಟುಕೊಳ್ಳಿ; ಇನ್ನೊಂದರಲ್ಲಿ 40 ಹೆಣ್ಣುಮರಿ, 16 ದಿನ. 22 ದಿನಕ್ಕೆ 60 ಪಟ್ಟಾಗುವ ಮೊದಲನೆಯದರ ಸಂಖ್ಯೆ ದುಪ್ಪಟ್ಟಾಗಲು ಸುಮಾರು 3.7 ದಿನ, 16 ದಿನಕ್ಕೆ 40 ಪಟ್ಟಾಗುವ ಎರಡನೆಯದಕ್ಕೆ 3. ಇದೇ ವೇಗದಲ್ಲಿ 30 ದಿನ ಹೋದರೆ ಒಂದು ನುಸಿ ಮೊದಲ ಗಿಡದಲ್ಲಿ 270ರ ಆಸುಪಾಸು, ಎರಡನೆಯದರಲ್ಲಿ ಸಾವಿರ. ಕಡಿಮೆ ಮೊಟ್ಟೆಯ ಗಿಡವೇ ಹೆಚ್ಚು ಅಪಾಯದ್ದು. ಮುದಿ ಹೆಣ್ಣಿನ ಕೊನೆಯ ಮೊಟ್ಟೆಗಳು ಈ ವೇಗವನ್ನು ಹೆಚ್ಚು ಬದಲಿಸುವುದಿಲ್ಲ. ಸಮಯ ಕಡಿಮೆಯಿದ್ದರೆ ಮೊದಲ ವಾರದ ಮೊಟ್ಟೆಗಳನ್ನು ಬಿಡದೆ ಎಣಿಸಿ, ಉಳಿದವನ್ನು ಬಿಡಬಹುದು.