ಕರಾವಳಿಯ ಒದ್ದೆ ಮರಳಿಗೆ ಎಂಥ ಪಿನ್‌ಪಾಯಿಂಟರ್ ಬೇಕು

ಮೆಟಲ್ ಡಿಟೆಕ್ಟರ್ ಕೂಗಿದ ಜಾಗದಲ್ಲಿ ಒಂದು ಗೇಣು ಗುಂಡಿ ತೋಡಿದ ಮೇಲೇ ನಿಜವಾದ ತಾಪತ್ರಯ ಶುರು. ಉಂಗುರ ಗುಂಡಿಯ ಗೋಡೆಯಲ್ಲಿದೆಯೋ, ಹೊರಗೆ ಹಾಕಿದ ಮರಳಿನ ಗುಪ್ಪೆಯಲ್ಲಿದೆಯೋ ತಿಳಿಯದೆ ಬೆರಳಲ್ಲಿ ಕೆದಕುತ್ತ ಕೂತರೆ ಮುಂದಿನ ತೆರೆ ಬಂದು ಎಲ್ಲ ಮುಚ್ಚಿಬಿಡುತ್ತದೆ. ಆ ಒಂದೆರಡು ನಿಮಿಷದ ಕೆಲಸಕ್ಕೆ ಇರುವುದು ಪಿನ್‌ಪಾಯಿಂಟರ್. ಟಾರ್ಚಿನಷ್ಟು ಗಾತ್ರ, ತುದಿಯಲ್ಲಿ ಪುಟ್ಟ ಕಾಯಿಲ್, ಅಂದರೆ ತಂತಿಯ ಸುರುಳಿ. ಲೋಹ ಹತ್ತಿರವಾದಷ್ಟೂ ಸದ್ದು ಚುರುಕಾಗುತ್ತದೆ.

ಪೆಟ್ಟಿಗೆಯ ಮೇಲೆ ಬರೆದ ಆಳಕ್ಕೆ ಮರುಳಾಗಬೇಡಿ. ನಾಣ್ಯದಷ್ಟು ದೊಡ್ಡ ವಸ್ತುವನ್ನು 2–3 ಇಂಚು ದೂರದಿಂದ ಹಿಡಿದರೆ ಧಾರಾಳವಾಯಿತು. ಅದಕ್ಕಿಂತ ದೂರದಿಂದ ಹಿಡಿಯುವ ಉಪಕರಣ ಗುಂಡಿಯ ಎಲ್ಲ ಮೂಲೆಯಲ್ಲೂ ಕೂಗುತ್ತದೆ, ಜಾಗ ಮಾತ್ರ ತೋರಿಸುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ನೋಡಬೇಕಾದ್ದು ಒಂದೇ: ಉಪ್ಪು ನೀರು ಕುಡಿದ ಮರಳಿನಲ್ಲಿ ಅದು ಸುಮ್ಮನಿರುತ್ತದೆಯೇ?

ಉಪ್ಪು ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹಾಗಾಗಿ ಒದ್ದೆ ಮರಳೇ ಉಪಕರಣಕ್ಕೆ ಲೋಹದಂತೆ ಕಾಣುತ್ತದೆ. ಜೊತೆಗೆ ಕಪ್ಪು ಮರಳಿನ ಕಾಟ. ಪ್ಲಾಸ್ಟಿಕ್ ಚೀಲದಲ್ಲಿ ಅಯಸ್ಕಾಂತ ಹಾಕಿ ತೆರೆ ಹಿಂದೆ ಸರಿದಲ್ಲಿ ಎಳೆದು ನೋಡಿ. ಮೀಸೆಯಂತೆ ಕಪ್ಪು ಪುಡಿ ಅಂಟಿದರೆ ಅಲ್ಲಿ ಕಬ್ಬಿಣದ ಖನಿಜವಿದೆ ಎಂದೇ ಅರ್ಥ. ಮಳೆಗಾಲದ ಕಡಲು ಮೇಲಿನ ಬಿಳಿ ಮರಳನ್ನು ಎಳೆದೊಯ್ದ ಮೇಲೆ ಇಂಥ ಪಟ್ಟಿಗಳು ಹೆಚ್ಚು ಕಾಣುತ್ತವೆ.

ಆದ್ದರಿಂದ ಒಂದೇ ಒತ್ತಿಗೆ ರೀಟ್ಯೂನ್ ಆಗದ ಪಿನ್‌ಪಾಯಿಂಟರ್ ಈ ಕಡೆ ಬೇಡವೇ ಬೇಡ. ತುದಿಯನ್ನು ಒದ್ದೆ ಮರಳಿಗೆ ತಾಗಿಸಿ ಬಟನ್ ಒತ್ತಿದರೆ ಆ ಮರಳನ್ನೇ ಸೊನ್ನೆ ಎಂದುಕೊಂಡು ಸುಮ್ಮನಾಗಬೇಕು. ಗ್ಯಾರೆಟ್ ಪ್ರೊ-ಪಾಯಿಂಟರ್ ಎಟಿಯಲ್ಲಿ ಈ ಸೌಲಭ್ಯವಿದೆ. 3 ಹಂತದ ಸೆನ್ಸಿಟಿವಿಟಿ, 9 ವೋಲ್ಟ್ ಸೆಲ್, 20 ಅಡಿ ನೀರಿನವರೆಗೆ ತಡೆ. ಬೇರೆ ಯಾವ ಮಾದರಿ ನೋಡಿದರೂ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ನೀರಿನೊಳಗೇ ಹೆಚ್ಚು ಹುಡುಕುವವರಿಗೆ ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ವಿದ್ಯುತ್ ಮಿಡಿತ ಕಳಿಸಿ ಲೋಹ ಹುಡುಕುವ) ಬಗೆಯದು ವಾಸಿ, ಉಪ್ಪಿಗೆ ಅಷ್ಟಾಗಿ ಹೆದರುವುದಿಲ್ಲ.

ರೀಟ್ಯೂನಿಗೆ ಇನ್ನೊಂದು ಉಪಯೋಗವೂ ಇದೆ. ಸದ್ದು ಅಗಲವಾಗಿ ಬರುತ್ತಿದ್ದರೆ ಅಲ್ಲೇ ಒಮ್ಮೆ ಒತ್ತಿ, ಸದ್ದು ನಿಲ್ಲುತ್ತದೆ. ಇನ್ನಷ್ಟು ಹತ್ತಿರ ಒಯ್ದಾಗ ಮತ್ತೆ ಕೂಗುವ ಜಾಗ ಚಿಕ್ಕದಾಗಿರುತ್ತದೆ. ಇದೇ ಗುಣ ತಿರುಗುಬಾಣವೂ ಆಗುತ್ತದೆ: ಗುದ್ದಲಿಯ ಪಕ್ಕದಲ್ಲಿಯೋ ಕೈಬಳೆಯ ಹತ್ತಿರವೋ ಆನ್ ಮಾಡಿದರೆ ಆ ಲೋಹಕ್ಕೇ ಹೊಂದಿಕೊಂಡು ಆಮೇಲೆ ಮಂಕಾಗುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ ಸುಲಭ. ಲೋಹದ ಹಿಡಿಕೆಯಿಲ್ಲದ ಪ್ಲಾಸ್ಟಿಕ್ ಡಬ್ಬಿಗೆ ಮರಳು ತುಂಬಿ, ಲೀಟರ್ ನೀರಿಗೆ 35 ಗ್ರಾಂ ಉಪ್ಪು ಕರಗಿಸಿ ತೋಯಿಸಿ. ಕಡಲ ನೀರಿನ ಉಪ್ಪೂ ಸುಮಾರು ಅಷ್ಟೇ. ಗಾಳಿಯಲ್ಲಿ ಆನ್ ಮಾಡಿ ಮರಳಿಗೆ ಚುಚ್ಚಿ. ಕೂಗಿದರೆ ರೀಟ್ಯೂನ್ ಮಾಡಿ. ಮೌನವಾದ ಮೇಲೆ 2 ಇಂಚು ಆಳದ ನಾಣ್ಯಕ್ಕೂ, ನಂತರ ತೆಳು ಚಿನ್ನದ ಸರಕ್ಕೂ ಹಿಡಿಯಿರಿ. ಸರದಲ್ಲಿ ಹೆಚ್ಚಿನವು ಸೋಲುತ್ತವೆ. ಕೊಂಡಿಗಳು ಬಿಡಿಬಿಡಿಯಾಗಿರುವುದರಿಂದ ಉಪಕರಣಕ್ಕೆ ಇಡೀ ಸರ ಕಾಣುವುದಿಲ್ಲ, ಒಂದೊಂದು ಪುಟ್ಟ ಕೊಂಡಿಯಷ್ಟೇ ಕಾಣುತ್ತದೆ. ಸರ ಕಳೆದವರು ಅದರ ಕೊಕ್ಕೆಯಾದರೂ ಸದ್ದು ಕೊಟ್ಟೀತು ಎಂದು ನಂಬಬೇಕು.

ಕಬ್ಬಿಣವನ್ನು ಬೇರೆ ದನಿಯಲ್ಲಿ ಹೇಳುವ ಮಾದರಿಗೆ ಹೆಚ್ಚು ದುಡ್ಡು ಕೊಡಬೇಕೇ? ಗಾಳ, ಮೊಳೆ, ಬಾಟಲಿ ಮುಚ್ಚಳ ತುಂಬಿದ ದಡದಲ್ಲಿ ಸಮಯ ಉಳಿಯುತ್ತದೆ, ನಿಜ. ಆದರೆ ಈಗಿನ 1, 2 ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಉಕ್ಕಿನವು, ಅವೂ ಕಬ್ಬಿಣದ ಲೆಕ್ಕಕ್ಕೇ ಬೀಳಬಹುದು. ಕೈಗೆ ಬಂದದ್ದನ್ನು ತೆಗೆದು ನೋಡುವವರಿಗೆ ಅದರ ಅಗತ್ಯ ಕಾಣುವುದಿಲ್ಲ.

ತೆರೆಯ ಸದ್ದಿನಲ್ಲಿ ಬೀಪ್ ಕೇಳುವುದಿಲ್ಲ, ಹಾಗಾಗಿ ವೈಬ್ರೇಷನ್ ಬೇಕೇ ಬೇಕು. ಬಟನ್ ಒದ್ದೆ ಹೆಬ್ಬೆರಳಿಗೆ ಸಿಗುವಂತಿರಲಿ. ಬಣ್ಣ ಕಿತ್ತಳೆ ಅಥವಾ ಕೆಂಪು. ಕಪ್ಪು ಮರಳಲ್ಲಿ ಕಪ್ಪು ಪಿನ್‌ಪಾಯಿಂಟರ್ ಬೀಳಿಸಿದರೆ ಅದನ್ನು ಹುಡುಕಲು ಇನ್ನೊಂದು ಬೇಕಾದೀತು. ನೀರು ತಡೆಯುವ ಗುರುತು ಐಪಿ67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ, ದಡದ ಕೆಲಸಕ್ಕೆ ಸಾಕು.

ಶಿರಸಿ ಕಡೆ, ಘಟ್ಟದ ಮೇಲೆ, ಉಪ್ಪಿನ ತಾಪತ್ರಯವಿಲ್ಲ. ಅಲ್ಲಿ ಕಾಡುವುದು ಕಬ್ಬಿಣದ ಅಂಶವಿರುವ ಚಿರೆಕಲ್ಲು. ಕೆಂಪು ಮಣ್ಣಿನ ಗುಂಡಿಯಲ್ಲಿ ಕಲ್ಲಿನ ಚೂರೂ ಕೂಗುತ್ತದೆ. ಸೆನ್ಸಿಟಿವಿಟಿ ಒಂದು ಹಂತ ಇಳಿಸಿ, ಆ ಚೂರನ್ನೇ ಹೊರಗೆ ತೆಗೆದು ತುದಿಗೆ ಹಿಡಿದರೆ ಅನುಮಾನ ತೀರುತ್ತದೆ.

ದೊಡ್ಡ ಡಿಟೆಕ್ಟರ್ ಆನ್ ಇದ್ದಾಗ ಹತ್ತಿರ ಪಿನ್‌ಪಾಯಿಂಟರ್ ಒತ್ತಿದರೆ ಎರಡೂ ಚಿಲಿಪಿಲಿ ಎನ್ನುವುದುಂಟು, ಅವುಗಳ ಫ್ರೀಕ್ವೆನ್ಸಿ ಹತ್ತಿರವಿದ್ದರೆ ಇನ್ನೂ ಜೋರು. ಉಪಕರಣ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಡಿಟೆಕ್ಟರಿನ ಕಾಯಿಲನ್ನು ಒಂದು ಮಾರು ದೂರ ಇಡಿ.

ಎಲ್ಲಿ ಹುಡುಕಬಾರದು ಎಂಬುದೂ ಗೊತ್ತಿರಲಿ. ನೌಕಾನೆಲೆಯ ಆಸುಪಾಸು ಬೇಡ, ಮಿರ್ಜಾನ ಕೋಟೆಯಂಥ ಸ್ಮಾರಕದ ಆವರಣದಲ್ಲಿ ಅಗೆಯುವುದು ಬೇಡ. ಹಳೆಯ ನಾಣ್ಯವೋ ವಿಗ್ರಹವೋ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಪಿನ್‌ಪಾಯಿಂಟರ್ ಕೆಡುವುದಕ್ಕೆ ಹೆಚ್ಚಾಗಿ ಕಾರಣ ಸೆಲ್ ಮುಚ್ಚಳದ ಓ-ರಿಂಗಿಗೆ (ನೀರು ತಡೆಯುವ ರಬ್ಬರ್ ಬಳೆಗೆ) ಸಿಕ್ಕಿಕೊಂಡ ಒಂದೇ ಮರಳ ಕಣ. ಅದರ ಪಕ್ಕದಿಂದ ಉಪ್ಪು ನೀರು ಒಳಸೇರಿ ಸ್ಪ್ರಿಂಗ್ ಹಸಿರಾಗುತ್ತದೆ. ಮನೆಗೆ ಬಂದವರು ಮೊದಲು ಸಿಹಿನೀರಲ್ಲಿ ತೊಳೆದು, ಒರೆಸಿ, ಆಮೇಲೆ ಮುಚ್ಚಳ ತೆಗೆಯಬೇಕು, ದಡದಲ್ಲೇ ತೆರೆಯಬಾರದು. ಓ-ರಿಂಗಿಗೆ ಸಿಲಿಕೋನ್ ಗ್ರೀಸನ್ನು ಹೊಳಪು ಬರುವಷ್ಟೇ ಸವರಿ. ತೆಂಗಿನೆಣ್ಣೆ ಬೇಡ, ಅದಕ್ಕೆ ಮರಳು ಅಂಟುತ್ತದೆ. ಜೂನ್ ಮಳೆ ಹಿಡಿಯುವ ಮುನ್ನ ಸೆಲ್ ಹೊರಗೆ ತೆಗೆದು, ಮುಚ್ಚಳ ಸಡಿಲ ಬಿಟ್ಟು ಒಣಗಿದ ಡಬ್ಬಿಯಲ್ಲಿಡಿ.