‘ಗೊತ್ತುಂಟು, ಆದರೂ…’

ವಿರಾಜಪೇಟೆಯಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಲೇ ಪಿಎಚ್‌.ಡಿ.ಗೆ ಸೇರಿದೆ. ನನ್ನ ಪ್ರಶ್ನೆ ಸರಳವಾಗಿತ್ತು. 1956ರ ನವೆಂಬರ್ 1ರಂದು ಕೂರ್ಗ್ (ಈಗಿನ ಕೊಡಗು) ಎಂಬ ಪುಟ್ಟ ರಾಜ್ಯ ಮೈಸೂರಿನ ಜೊತೆ ಸೇರಿಹೋಯಿತು. ಇಷ್ಟು ವರ್ಷವಾದರೂ ಊರಿನ ಹಿರಿಯರು ಅದನ್ನು ಮೊನ್ನೆ ಮೊನ್ನೆ ನಡೆದ ಹಾಗೆ ಯಾಕೆ ಹೇಳುತ್ತಾರೆ? ದಾಖಲೆ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ ಅನ್ನಿಸಿ ಫ್ರಾಯ್ಡ್ ಶುರು ಮಾಡಿದ ಮನೋವಿಶ್ಲೇಷಣೆಯ, ಅಂದರೆ ಮಾತಿನ ಹಿಂದೆ ಅಡಗಿರುವ ಮನಸ್ಸನ್ನು ಓದುವ ದಾರಿ ಹಿಡಿದೆ. ಮಾರ್ಗದರ್ಶಕರಿಗೆ ಅಷ್ಟೇನೂ ಇಷ್ಟವಿರಲಿಲ್ಲ. ‘ಓಟಿಗೂ ಫ್ರಾಯ್ಡ್‌ಗೂ ಎಂತ ಸಂಬಂಧ?’ ಎಂದು ಕೇಳಿದರು. ಆದರೆ ತಡೆಯಲಿಲ್ಲ.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಜರ್ಮನ್ ಚಿಂತಕ ಅಡಾರ್ನೊ ಮತ್ತು ಜೊತೆಗಾರರು ಅಮೆರಿಕದಲ್ಲಿ ಮಾಡಿದ ದೊಡ್ಡ ಅಧ್ಯಯನವೊಂದು 1950ರಲ್ಲಿ ಪ್ರಕಟವಾಗಿತ್ತು. ಫ್ಯಾಸಿಸಂಗೆ ಒಲಿಯುವ ಮನಸ್ಸನ್ನು ಅಳೆಯಲು ಅವರು ‘ಎಫ್ ಸ್ಕೇಲ್’ ಎಂಬ ಪ್ರಶ್ನಾವಳಿ ಮಾಡಿದ್ದರು. ನಾನು ಅದನ್ನೇ ಕನ್ನಡಕ್ಕೆ ತಂದು, ನಲವತ್ತು ಜೆರಾಕ್ಸ್ ತೆಗೆಸಿ ಹಂಚಿದೆ. ದೊಡ್ಡವರ ಮಾತು ಕೇಳುವುದು, ಅವರಿಗೆ ಗೌರವ ಕೊಡುವುದು ಮಕ್ಕಳು ಕಲಿಯಬೇಕಾದ ಮುಖ್ಯ ಗುಣ ಎಂಬ ಅರ್ಥದ ಒಂದು ಮಾತು ಅದರಲ್ಲಿದೆ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲ ಮನೆಯ ಹೊಸ್ತಿಲು ದಾಟಿದ ಕೂಡಲೇ ಹಿರಿಯರ ಕಾಲು ಮುಟ್ಟುವ ಊರಿನಲ್ಲಿ ಇದಕ್ಕೆ ‘ಇಲ್ಲ’ ಎನ್ನುವವರು ಯಾರು? ನಲವತ್ತಕ್ಕೆ ನಲವತ್ತೂ ‘ಹೌದು’. ಆ ಲೆಕ್ಕದಲ್ಲಿ ನಮ್ಮ ತಾಲ್ಲೂಕಿಗೆ ತಾಲ್ಲೂಕೇ ಫ್ಯಾಸಿಸ್ಟ್!

ಆ ಸ್ಕೇಲಿನ ಮಾತುಗಳೆಲ್ಲ ‘ಹೌದು’ ಎಂದರೆ ಅಂಕ ಏರುವ ಹಾಗೆಯೇ ಇವೆ, ಏನು ಕೇಳಿದರೂ ತಲೆಯಾಡಿಸುವವರು ಅದರಲ್ಲಿ ಸರ್ವಾಧಿಕಾರದ ಭಕ್ತರಾಗಿ ಕಾಣುತ್ತಾರೆ ಎಂದು ಅಮೆರಿಕದಲ್ಲೇ ಟೀಕೆ ಬಂದಿತ್ತು. ಅದನ್ನು ನಾನು ಓದಿದ್ದು ಆಮೇಲೆ. ಅದೂ ಅಲ್ಲದೆ, ಮನೆಗೆ ಬಂದ ಟೀಚರ್ ಕಾಗದ ಕೊಟ್ಟರೆ ನಮ್ಮ ಕಡೆ ‘ಇಲ್ಲ’ ಎಂದು ಬರೆಯುವುದೇ ಮರ್ಯಾದೆಗೇಡು. ಕಟ್ಟು ಹಾಗೇ ಅಟ್ಟ ಸೇರಿತು.

ಪ್ರಶ್ನಾವಳಿ ಬಿಟ್ಟು ರೆಕಾರ್ಡರ್ ಹಿಡಿದೆ. ಜೊತೆಗೆ ಆಕ್ಟೇವ್ ಮನೋನಿ ಎಂಬ ಫ್ರೆಂಚ್ ಮನೋವಿಶ್ಲೇಷಕನನ್ನು ಓದತೊಡಗಿದೆ. ಅವನ ಒಂದು ಪ್ರಬಂಧದ ಹೆಸರೇ ‘ನನಗೆ ಚೆನ್ನಾಗಿ ಗೊತ್ತು, ಆದರೂ…’. ಒಂದು ವಿಷಯ ನಿಜವಲ್ಲ ಎಂದು ತಿಳಿದ ಮೇಲೂ ಮನಸ್ಸು ಅದನ್ನು ಬಿಡುವುದಿಲ್ಲ. ತಿಳಿವನ್ನೂ ನಂಬಿಕೆಯನ್ನೂ ಅಕ್ಕಪಕ್ಕ ಇಟ್ಟುಕೊಳ್ಳುತ್ತದೆ. ಸ್ಲೊವೇನಿಯಾದ ತತ್ವಜ್ಞಾನಿ ಜಿಜೆಕ್ 1989ರಲ್ಲಿ ಇದನ್ನು ರಾಜಕೀಯ ಸಿದ್ಧಾಂತದ ಅಧ್ಯಯನಕ್ಕೆ ತಂದು ಕೂರಿಸಿದ. ಜನಕ್ಕೆ ನಿಜ ಗೊತ್ತಿಲ್ಲ ಎಂಬುದು ಹಳೆಯ ವಾದ. ನಿಜ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ನಡೆದುಕೊಳ್ಳುತ್ತಾರೆ ಎಂಬುದು ಅವನ ವಾದ. ಜಿಜೆಕ್ ಎಷ್ಟೋ ಕಡೆ ಸುಮ್ನೆ ಚಮತ್ಕಾರ ಮಾಡುತ್ತಾನೆ ಅನ್ನಿಸುತ್ತದೆ. ಈ ಮಾತು ಮಾತ್ರ ನನಗೆ ಕೆಲಸಕ್ಕೆ ಬಂತು.

ಯಾಕೆಂದರೆ ರೆಕಾರ್ಡಿಂಗ್‌ಗಳ ತುಂಬಾ ಅದೇ ಇತ್ತು. ‘ನಮ್ಮನ್ನು ಯಾರೂ ಕೇಳಲಿಲ್ಲ’ ಎಂದು ಎಲ್ಲರೂ ಶುರು ಮಾಡುತ್ತಿದ್ದರು. ನಾನು 1952ರ ಕೂರ್ಗ್ ವಿಧಾನಸಭೆ ಚುನಾವಣೆ ನೆನಪಿಸುತ್ತಿದ್ದೆ. 24 ಸ್ಥಾನಗಳಲ್ಲಿ ವಿಲೀನದ ಪರ ಇದ್ದ ಕಾಂಗ್ರೆಸ್‌ಗೆ 15, ಬೇಡ ಎಂದ ತಕ್ಕಡಿ ಪಕ್ಷಕ್ಕೆ 9. ‘ಅದು ಗೊತ್ತುಂಟು’ ಅನ್ನುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದರೂ ನಮ್ಮನ್ನು ಯಾರೂ ಕೇಳಲಿಲ್ಲ’.

ಒಬ್ಬ ಅಜ್ಜನ ಮನೆಗೆ ಐದು ಸಲ ಹೋದೆ. ರೆಕಾರ್ಡರ್ ಆನ್ ಮಾಡಿದರೆ ಸಾಕು, ತಮ್ಮ ಮನೆಮಾತು ಕೊಡವ ತಕ್ಕ್ ಬಿಟ್ಟು ಭಾಷಣದ ಕನ್ನಡಕ್ಕೆ ಬರುತ್ತಿದ್ದರು. ಕಾಫಿ ಕಣದ ಪಕ್ಕ ಕೂತು, ‘ರಾಜ್ಯ ಹೋದ ವರ್ಷವೇ ನಮ್ಮಪ್ಪನೂ ಹೋದದ್ದು ಮಗಳೇ’ ಎಂದರು. ಒಳಗಿನಿಂದ ಅಜ್ಜಿ ಕೂಗಿದರು: ‘ಮಾವ ತೀರಿಹೋದದ್ದು ಅರವತ್ತೊಂದರಲ್ಲಿ. ನನಗೆ ಮದುವೆಯಾಗಿ ಎರಡು ವರ್ಷ ಆಗಿತ್ತು.’ ಅಜ್ಜ ತಲೆ ಎತ್ತಲಿಲ್ಲ. ‘ಗೊತ್ತುಂಟು ಮಾರಾಯ್ತಿ. ಆದರೂ ಅದೇ ವರ್ಷ.’

ಅವತ್ತು ಜೀಪಿನಲ್ಲಿ ವಾಪಸ್ ಬರುವಾಗ ಫ್ರಾಯ್ಡ್‌ನ 1917ರ ಬರಹ ತಲೆಯಲ್ಲಿ ಸುತ್ತುತ್ತಿತ್ತು. ಶೋಕಕ್ಕೂ ವಿಷಾದಕ್ಕೂ ಇರುವ ವ್ಯತ್ಯಾಸ ಅದರ ವಿಷಯ. ಶೋಕದಲ್ಲಿರುವವರು ಕಳೆದುಕೊಂಡದ್ದನ್ನು ನಿಧಾನಕ್ಕೆ ಬಿಟ್ಟುಕೊಡುತ್ತಾರೆ. ವಿಷಾದದಲ್ಲಿ ಯಾರನ್ನು ಕಳೆದುಕೊಂಡೆ ಎಂದು ಗೊತ್ತಿದ್ದರೂ ಅವರ ಜೊತೆ ತನ್ನದೇನು ಹೋಯಿತು ಎಂದು ತಿಳಿಯುವುದಿಲ್ಲ, ಹಾಗಾಗಿ ಬಿಡಲೂ ಆಗುವುದಿಲ್ಲ. ಅಜ್ಜನ ಮಾತಿನಲ್ಲಿ ಅಪ್ಪ ಮತ್ತು ರಾಜ್ಯ ಒಂದೇ ವರ್ಷ ಸತ್ತಿದ್ದರು.

ಇದನ್ನು ಅವರಿಗೆ ಹೇಳಲಿಲ್ಲ. ಅವರು ನನ್ನ ಹತ್ತಿರ ಚಿಕಿತ್ಸೆಗೆ ಬಂದವರಲ್ಲ, ನಾನು ವೈದ್ಯಳೂ ಅಲ್ಲ. ಈ ಕೆಲಸಕ್ಕೆ ಇಳಿಯುವ ನನ್ನ ವಿದ್ಯಾರ್ಥಿಗಳಿಗೂ ಇಷ್ಟೇ ಹೇಳುತ್ತೇನೆ: ಮಾತನ್ನು ವಿಶ್ಲೇಷಿಸಿ, ಮನುಷ್ಯನನ್ನಲ್ಲ. ಹಾಗೇ, ಬೆರಳಚ್ಚು ಮಾಡುವಾಗ ತಪ್ಪುಗಳನ್ನು ತಿದ್ದಬೇಡಿ. ನಾನು ಮೊದಲ ಎಂಟು ಸಂದರ್ಶನಗಳಲ್ಲಿ ಇಸವಿಗಳನ್ನೆಲ್ಲ ‘ಸರಿ’ ಮಾಡಿಬಿಟ್ಟಿದ್ದೆ. ಮತ್ತೆ ಇಯರ್‌ಫೋನ್ ಹಾಕಿಕೊಂಡು ಎಲ್ಲವನ್ನೂ ಹಾಳು ಮಾಡಬೇಕಾಯಿತು.

ಕರಡು ಮುಗಿಯುವ ಹೊತ್ತಿಗೆ ನಮ್ಮದೇ ತೋಟದಲ್ಲಿ ಕಾಫಿ ಕೊಯ್ಲು. ತೋಟದ ಕೆಲಸಗಾರರು ಇರುವ ಲೈನ್ ಮನೆಯ ಹಿರಿಯ ಹೆಂಗಸೊಬ್ಬರು, ಪಣಿಯ ಯರವ ಬುಡಕಟ್ಟಿನವರು, ‘ಎಂತ ಬರೀತಿದ್ದೀರಿ ಅಕ್ಕಾ, ಇಷ್ಟು ವರ್ಷದಿಂದ?’ ಎಂದು ಕೇಳಿದರು. ಹೇಳಿದೆ. ‘ಆ ರಾಜ್ಯ ಇದ್ದಾಗ ನಮ್ಮಪ್ಪ ಯಾರ ತೋಟದಲ್ಲಿದ್ದರು ಗೊತ್ತಾ?’ ಎಂದರು. ಗೊತ್ತಿತ್ತು. ನಮ್ಮ ತಾತನ ತೋಟದಲ್ಲಿ.

ಇಪ್ಪತ್ತೆರಡು ಸಂದರ್ಶನ ಮಾಡಿದ್ದೆ. ಒಂದೂ ಲೈನ್ ಮನೆಯದಲ್ಲ. ಅಲ್ಲಿಯೂ ಜನ ಇದ್ದಾರೆ, ಅವರಿಗೂ ನೆನಪು ಇದೆ ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಾರ್ಗದರ್ಶಕರಿಗೆ ಫೋನ್ ಮಾಡಿ ಇನ್ನೊಂದು ವರ್ಷ ಕೇಳಿದೆ. ಮರುದಿನ ಸಂಜೆ ಕಾಫಿ ಹಣ್ಣು ಅಳೆದು ಮುಗಿದ ಮೇಲೆ ರೆಕಾರ್ಡರ್ ತೆಗೆದುಕೊಂಡು ಲೈನಿನ ಕಡೆ ಹೋದೆ. ಆ ಹೆಂಗಸು ಅದನ್ನು ನೋಡಿ, ‘ಮೊದಲು ಅದನ್ನು ಆಫ್ ಮಾಡಿ, ಕೂತ್ಕೊಳ್ಳಿ’ ಎಂದರು.